ಹಿಂದಿನ ಶನಿವಾರ ಇದ್ದ ಆಟಗಾರ ಈ ಶನಿವಾರ ಏಕಿಲ್ಲ? ರೀಸ್-ಝಮಿಟ್ ದಾರಿ ಮತ್ತು ವೇಲ್ಸ್ ರಗ್ಬಿಯ ಇಕ್ಕಟ್ಟು

2025ರ ನವೆಂಬರ್ 22. ವೇಲ್ಸ್ ರಾಜಧಾನಿ ಕಾರ್ಡಿಫ್‌ನ ಪ್ರಿನ್ಸಿಪಾಲಿಟಿ ಕ್ರೀಡಾಂಗಣದಲ್ಲಿ ವೇಲ್ಸ್ ತಂಡ ನ್ಯೂಜಿಲೆಂಡ್ ವಿರುದ್ಧ ಆಡಿತು. 26-52ರಿಂದ ಸೋತಿತು. ಆದರೂ ನಾಲ್ಕು ಸಲ ಟ್ರೈ (ಎದುರಾಳಿಯ ಗೆರೆ ದಾಟಿ ಗಳಿಸುವ 5 ಅಂಕ) ಗಳಿಸಿತು, ಜನ ಎದ್ದು ನಿಂತು ಕೂಗಿದರು. ಆ ತಂಡದಲ್ಲಿ ಲೂಯಿ ರೀಸ್-ಝಮಿಟ್ ಇದ್ದರು.

ಸರಿಯಾಗಿ ಒಂದು ವಾರ ಕಳೆದು ನವೆಂಬರ್ 29ರಂದು ಅದೇ ಮೈದಾನಕ್ಕೆ ದಕ್ಷಿಣ ಆಫ್ರಿಕಾ ಬಂತು. ಫಲಿತಾಂಶ 0-73. ಕಾರ್ಡಿಫ್‌ನಲ್ಲಿ ವೇಲ್ಸ್ ಇಷ್ಟು ದೊಡ್ಡ ಅಂತರದಲ್ಲಿ ಸೋತದ್ದು ಹಿಂದೆಂದೂ ಇಲ್ಲ. ಆ ದಿನ ರೀಸ್-ಝಮಿಟ್ ತಂಡದಲ್ಲಿ ಇರಲಿಲ್ಲ. ಅವರಂತೆಯೇ ಇಂಗ್ಲೆಂಡ್ ಮತ್ತು ಫ್ರಾನ್ಸ್ ಕ್ಲಬ್‌ಗಳಲ್ಲಿ ಆಡುವ ಹತ್ತಕ್ಕೂ ಹೆಚ್ಚು ಮಂದಿ ಇರಲಿಲ್ಲ. ಕೋಚ್ ಅವರನ್ನು ಕೈಬಿಟ್ಟಿದ್ದಲ್ಲ. ಆ ದಿನ ಅವರನ್ನು ಕರೆಸಿಕೊಳ್ಳುವ ಹಕ್ಕೇ ವೇಲ್ಸ್‌ಗೆ ಇರಲಿಲ್ಲ.

ದೇಶದ ಪಂದ್ಯಕ್ಕೆ ದೇಶದ ಆಟಗಾರರೇ ಸಿಗದಿರುವುದು ಹೇಗೆ? ರಗ್ಬಿಯನ್ನು ದೂರದಿಂದ ನೋಡುವವರಿಗೆ ಇದು ವಿಚಿತ್ರ ಅನಿಸುತ್ತದೆ. ಇದಕ್ಕೆ ಉತ್ತರ ರೀಸ್-ಝಮಿಟ್ ಅವರ ಆಟದ ಬದುಕಿನಲ್ಲೇ ಇದೆ. ರಗ್ಬಿ ಬಿಟ್ಟು ಅಮೆರಿಕನ್ ಫುಟ್‌ಬಾಲ್ ಆಡಲು ಅಮೆರಿಕಕ್ಕೆ ಹೋದದ್ದು, ಅಲ್ಲಿ ಒಂದೂ ಲೀಗ್ ಪಂದ್ಯ ಆಡದೆ ಮರಳಿದ್ದು, ಮರಳಿದವರು ವೇಲ್ಸ್‌ಗೆ ಬಾರದೆ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಸೇರಿದ್ದು, ಮೂರೂ ಹುಡುಗಾಟದ ತೀರ್ಮಾನಗಳಂತೆ ಕಾಣುತ್ತವೆ. ಆದರೆ ಪ್ರತಿಯೊಂದರ ಹಿಂದೆಯೂ ಒಂದು ನಿಯಮ ಅಥವಾ ಒಂದು ಹಣದ ಲೆಕ್ಕ ಇದೆ.

ಅಂಚಿನಲ್ಲಿ ನಿಲ್ಲುವವನ ಕೆಲಸ

ಮೊದಲು ಆಟದ ಬಗ್ಗೆ ಎರಡು ಮಾತು. ರಗ್ಬಿ ಯೂನಿಯನ್‌ನಲ್ಲಿ ಒಂದು ತಂಡಕ್ಕೆ 15 ಜನ, ಪಂದ್ಯ 80 ನಿಮಿಷ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ, 5 ಅಂಕ. ವಿಂಗರ್ ಅಂದರೆ ಮೈದಾನದ ಎರಡು ಅಂಚುಗಳಲ್ಲಿ ನಿಲ್ಲುವವರು, 11 ಮತ್ತು 14ನೇ ನಂಬರಿನ ಅಂಗಿಯವರು. ಒಳಗಿನವರು ಗುದ್ದಾಡಿ ಜಾಗ ಮಾಡಿಕೊಡುತ್ತಾರೆ, ವಿಂಗರ್ ಓಡಿ ಮುಗಿಸಬೇಕು. ಕೆಲವು ಪಂದ್ಯಗಳಲ್ಲಿ ಚೆಂಡು ಕೈಗೆ ಬರುವುದೇ ನಾಲ್ಕೈದು ಸಲ. ಬಂದಾಗ ತಪ್ಪುವಂತಿಲ್ಲ.

ರೀಸ್-ಝಮಿಟ್ ಹುಟ್ಟಿದ್ದು 2001ರ ಫೆಬ್ರವರಿಯಲ್ಲಿ. ಬೆಳೆದದ್ದು ಕಾರ್ಡಿಫ್ ಪಕ್ಕದ ಸಮುದ್ರತೀರದ ಊರು ಪೆನಾರ್ತ್ ಕಡೆ. ತಂದೆಯ ಕಡೆಯವರು ಮಾಲ್ಟಾ ಮೂಲದವರು. ಓದಿನ ಕೊನೆಯ ಹಂತಕ್ಕೆ ಗಡಿ ದಾಟಿ ಇಂಗ್ಲೆಂಡಿನ ಹಾರ್ಟ್‌ಪರಿ ಕಾಲೇಜಿಗೆ ಹೋದರು, ಅಲ್ಲಿಂದ ಹತ್ತಿರದ ಗ್ಲಾಸ್ಟರ್ ಕ್ಲಬ್‌ಗೆ. ಅಂದರೆ ವೃತ್ತಿಪರ ಕ್ಲಬ್ ಆಟದ ಮಟ್ಟಿಗೆ ಅವರು ವೇಲ್ಸ್‌ನ ತಂಡಗಳಲ್ಲಿ ಆಡಿದವರೇ ಅಲ್ಲ. ಈ ಸಂಗತಿ ಮುಂದೆ ಬೇಕಾಗುತ್ತದೆ.

2020ರ ಅಕ್ಟೋಬರ್‌ನಲ್ಲಿ, 19ನೇ ವಯಸ್ಸಿಗೆ, ವೇಲ್ಸ್ ಪರ ಮೊದಲ ಪಂದ್ಯ. ಮರುವರ್ಷ ಇಡೀ ಬ್ರಿಟನ್ ಅವರ ಹೆಸರು ಕಲಿತಿತು. 2021ರಲ್ಲಿ ಯುರೋಪಿನ ಆರು ದೇಶಗಳ ಸಿಕ್ಸ್ ನೇಷನ್ಸ್ ಟೂರ್ನಿಯಲ್ಲಿ ಎಡಿನ್‌ಬರೋದ ಮರ್ರೇಫೀಲ್ಡ್‌ನಲ್ಲಿ ಸ್ಕಾಟ್ಲೆಂಡ್ ಎದುರು ಪಂದ್ಯ. ಕೊನೆಯ ಹತ್ತು ನಿಮಿಷದ ಹೊತ್ತಿಗೆ ವೇಲ್ಸ್ 20-24ರಿಂದ ಹಿಂದಿದೆ. ಬಲ ಅಂಚಿನಲ್ಲಿ ಚೆಂಡು ಸಿಕ್ಕಿದ ಹುಡುಗ ಎದುರಿಗೆ ಬಂದವರನ್ನು ಕೈಯಿಂದ ತಳ್ಳಲು ಹೋಗಲಿಲ್ಲ. ಚೆಂಡನ್ನು ಮೆತ್ತಗೆ ಅವರ ಆಚೆಗೆ ಒದ್ದ. ಹಿಂದೆಯೇ ಓಡಿದ. ಅದು ನೆಲಕ್ಕೆ ಪುಟಿದು ಎದ್ದ ಜಾಗಕ್ಕೆ ಬೇರೆ ಯಾರೂ ತಲುಪುವ ಮುಂಚೆ ತಾನಿದ್ದ. ವೇಲ್ಸ್ 25-24ರಿಂದ ಗೆದ್ದಿತು, ಆ ವರ್ಷದ ಪ್ರಶಸ್ತಿಯನ್ನೂ ಗೆದ್ದಿತು. ಟೂರ್ನಿಯಲ್ಲಿ ಅವರದು ನಾಲ್ಕು ಟ್ರೈ. ಅದೇ ವರ್ಷ ನಾಲ್ಕು ದೇಶಗಳ ಅತ್ಯುತ್ತಮರ ತಂಡ ಬ್ರಿಟಿಷ್ ಆಂಡ್ ಐರಿಷ್ ಲಯನ್ಸ್ ಜೊತೆ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಹೋದರು. ಆಗ ವಯಸ್ಸು 20.

2023ರ ವಿಶ್ವಕಪ್‌ನಲ್ಲಿ ಐದು ಟ್ರೈ. ಅದರಲ್ಲಿ ಮೂರು ಜಾರ್ಜಿಯಾ ವಿರುದ್ಧದ ಒಂದೇ ಪಂದ್ಯದಲ್ಲಿ. ಆ ಹೊತ್ತಿಗೆ ದೇಶದ ಪರ 32 ಪಂದ್ಯ, 14 ಟ್ರೈ. ವಯಸ್ಸು 22. ಇಲ್ಲಿಂದ ಹತ್ತು ವರ್ಷ ವೇಲ್ಸ್ ಪರ ಓಡುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು.

ಹೋದದ್ದು ಏಕೆ

2024ರ ಜನವರಿ 16ರಂದು ಕೋಚ್ ವಾರನ್ ಗ್ಯಾಟ್‌ಲ್ಯಾಂಡ್ ಸಿಕ್ಸ್ ನೇಷನ್ಸ್ ತಂಡ ಪ್ರಕಟಿಸಬೇಕಿತ್ತು. ಅದೇ ದಿನ ರೀಸ್-ಝಮಿಟ್ ರಗ್ಬಿ ಬಿಡುವುದಾಗಿ ಹೇಳಿದರು. ಅಮೆರಿಕದ ಎನ್‌ಎಫ್‌ಎಲ್ ಸೇರಲು ಪ್ರಯತ್ನ ಮಾಡುತ್ತೇನೆ ಅಂದರು. ಬೇರೆ ದೇಶದ ಆಟಗಾರರನ್ನು ಅಮೆರಿಕನ್ ಫುಟ್‌ಬಾಲ್‌ಗೆ ತಯಾರು ಮಾಡಲು ಆ ಲೀಗ್ ನಡೆಸುವ ಒಂದು ತರಬೇತಿ ಯೋಜನೆ ಇದೆ. ಅದರಲ್ಲಿ ಅವರಿಗೆ ಜಾಗ ಸಿಕ್ಕಿತ್ತು.

ಆಸೆ ಹೊಸದಲ್ಲ. ಅವರ ತಂದೆ ಬ್ರಿಟನ್‌ನಲ್ಲೇ ಹವ್ಯಾಸಕ್ಕೆ ಆ ಆಟ ಆಡಿದವರು. ಆದರೆ ಆಸೆ ಇದ್ದವರೆಲ್ಲ ಹೊರಡುವುದಿಲ್ಲ, ಅಲ್ವಾ? ಹೊರಡುವಂತೆ ಮಾಡುವ ಒತ್ತಡವೂ ಬೇಕು.

ಒತ್ತಡ ಇತ್ತು. ಅವರು ಆಡುತ್ತಿದ್ದದ್ದು ಗ್ಲಾಸ್ಟರ್‌ಗೆ, ಆದರೂ ತಾಯ್ನಾಡಿನ ರಗ್ಬಿಯಲ್ಲಿ ಕಾಣುತ್ತಿದ್ದದ್ದು ಇದು. 2023ರ ಫೆಬ್ರವರಿಯಲ್ಲಿ ವೇಲ್ಸ್ ಆಟಗಾರರು ಇಂಗ್ಲೆಂಡ್ ವಿರುದ್ಧದ ಪಂದ್ಯಕ್ಕೆ ಇಳಿಯುವುದಿಲ್ಲ ಎಂದು ಮುಷ್ಕರದ ಮಾತಾಡಿದ್ದರು. ಹತ್ತಾರು ಜನರ ಕಾಂಟ್ರಾಕ್ಟ್ ಮುಗಿಯುತ್ತಾ ಬಂದಿತ್ತು, ಮುಂದಿನ ವರ್ಷದ ಸಂಬಳ ಎಷ್ಟು, ಸಂಬಳ ಇದೆಯೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ. ಪಂದ್ಯ ಕೊನೆಗೆ ನಡೆಯಿತು, ಆದರೆ ಹಣದ ಕೊರತೆ ಹಾಗೇ ಉಳಿಯಿತು. 2024-25ರಲ್ಲಿ ವೇಲ್ಸ್‌ನ ಒಂದೊಂದು ವೃತ್ತಿಪರ ತಂಡ ಆಟಗಾರರಿಗೆ ಖರ್ಚು ಮಾಡಬಹುದಾದ ಮೊತ್ತ 45 ಲಕ್ಷ ಪೌಂಡ್‌ಗೆ ಇಳಿಯಿತು. ಗಡಿಯಾಚೆ ಇಂಗ್ಲೆಂಡಿನಲ್ಲಿ ಅದರ ಮಿತಿ 64 ಲಕ್ಷ ಪೌಂಡ್.

ಅಮೆರಿಕದ ಲೆಕ್ಕ ಬೇರೆಯೇ. 2024ರಲ್ಲಿ ಎನ್‌ಎಫ್‌ಎಲ್ ಮುಖ್ಯ ತಂಡದಲ್ಲಿ ಹೊಸಬನಿಗೆ ಇಡೀ ಸೀಸನ್‌ಗೆ ಕನಿಷ್ಠ 7,95,000 ಡಾಲರ್. ಮುಖ್ಯ ತಂಡಕ್ಕೆ ಬಾರದೆ ಅಭ್ಯಾಸಕ್ಕೆಂದೇ ಇಟ್ಟುಕೊಳ್ಳುವ ಗುಂಪಿನಲ್ಲಿದ್ದರೂ ವಾರಕ್ಕೆ 12,500 ಡಾಲರ್, ಹೆಚ್ಚುಕಡಿಮೆ ಹತ್ತು ಲಕ್ಷ ರೂಪಾಯಿ. ಇದಕ್ಕೆ ಇನ್ನೊಂದನ್ನು ಸೇರಿಸಿ ನೋಡಬೇಕು. ವಿಂಗರ್‌ನ ಬಂಡವಾಳ ವೇಗ. ಅದು ಇಪ್ಪತ್ತರ ಹರೆಯದಲ್ಲಿ ತುದಿ ಮುಟ್ಟುತ್ತದೆ, ಆಮೇಲೆ ಇಳಿಮುಖ. ಹೋಗುವುದಾದರೆ 22ರಲ್ಲೇ ಹೋಗಬೇಕು. 28ಕ್ಕೆ ಆ ಬಾಗಿಲು ಮುಚ್ಚಿರುತ್ತದೆ.

ವೇಗ ಇತ್ತು, ಅದೊಂದೇ ಸಾಲಲಿಲ್ಲ

ಫ್ಲೋರಿಡಾದಲ್ಲಿ ಕೆಲವು ವಾರಗಳ ತರಬೇತಿ. ಮಾರ್ಚ್‌ನಲ್ಲಿ ತಂಡಗಳ ಪ್ರತಿನಿಧಿಗಳ ಮುಂದೆ ಪರೀಕ್ಷೆ. 40 ಗಜದ ಓಟವನ್ನು ರೀಸ್-ಝಮಿಟ್ 4.43 ಸೆಕೆಂಡಿನಲ್ಲಿ ಮುಗಿಸಿದರು. ಅಮೆರಿಕದ ಅಳತೆಯಲ್ಲೂ ಅದು ಒಳ್ಳೆಯ ವೇಗ. ಆಗಷ್ಟೇ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಗೆದ್ದಿದ್ದ ಕ್ಯಾನ್ಸಸ್ ಸಿಟಿ ಚೀಫ್ಸ್ ಅವರನ್ನು ಸೇರಿಸಿಕೊಂಡಿತು. ಆಗಸ್ಟ್ ಕೊನೆಗೆ, ಪಟ್ಟಿಯನ್ನು 53 ಜನಕ್ಕೆ ಇಳಿಸುವ ಹೊತ್ತಲ್ಲಿ, ಬಿಟ್ಟುಬಿಟ್ಟಿತು. ಎರಡು ದಿನದಲ್ಲಿ ಜ್ಯಾಕ್ಸನ್‌ವಿಲ್ ಜ್ಯಾಗ್ವಾರ್ಸ್ ಅಭ್ಯಾಸದ ಗುಂಪಿಗೆ ಕರೆದುಕೊಂಡಿತು. ಅಲ್ಲೇ ಉಳಿದರು. ಸೀಸನ್ನಿನ ಒಂದು ಪಂದ್ಯದಲ್ಲೂ ಮೈದಾನಕ್ಕೆ ಇಳಿಯಲಿಲ್ಲ.

ಎರಡೂ ಆಟದಲ್ಲಿ ಮೊಟ್ಟೆಯಾಕಾರದ ಚೆಂಡು, ಎರಡರಲ್ಲೂ ಓಟ, ಗುದ್ದಾಟ. ಹಾಗಿದ್ದರೆ ತೊಡಕು ಎಲ್ಲಿ?

ರಗ್ಬಿಯಲ್ಲಿ ಚೆಂಡಿಲ್ಲದ ಎದುರಾಳಿಗೆ ಅಡ್ಡ ಹೋಗುವುದು ತಪ್ಪು, ರೆಫರಿ ಸೀಟಿ ಊದುತ್ತಾರೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅದೇ ಅರ್ಧ ಆಟ. ಚೆಂಡು ಬೇರೆಯವನ ಕೈಲಿದ್ದಾಗ ಅವನಿಗಾಗಿ ದಾರಿ ಬಿಡಿಸಬೇಕು, ನುಗ್ಗಿ ಬರುವ ದೈತ್ಯನಿಗೆ ಎದೆ ಕೊಟ್ಟು ನಿಲ್ಲಬೇಕು. ಏಳೆಂಟು ವರ್ಷದಿಂದ ದೇಹಕ್ಕೆ 'ಇದು ಮಾಡಬೇಡ' ಅಂತ ಕಲಿಸಿದ್ದನ್ನೇ ಈಗ 'ಇದನ್ನೇ ಮಾಡು' ಅನ್ನಬೇಕು. ಜೊತೆಗೆ ಪಾಠದ ಹೊರೆ. ರಗ್ಬಿ ನಿಲ್ಲದೆ ಹರಿಯುವ ಆಟ, ವಿಂಗರ್ ಓಡುತ್ತಲೇ ಎಲ್ಲಿ ಜಾಗ ಬಿಟ್ಟಿದ್ದಾರೆ ಅಂತ ಕಂಡುಕೊಳ್ಳುತ್ತಾನೆ. ಅಮೆರಿಕನ್ ಆಟ ಕೆಲವೇ ಸೆಕೆಂಡುಗಳ ತುಂಡುಗಳು. ಪ್ರತಿ ತುಂಡಿನಲ್ಲೂ ಹನ್ನೊಂದು ಜನ ಎಷ್ಟು ಹೆಜ್ಜೆ, ಯಾವ ಕಡೆ ಎಂಬುದು ಮೊದಲೇ ಬರೆದಿಟ್ಟಿರುತ್ತದೆ. ಒಬ್ಬ ಅರ್ಧ ಹೆಜ್ಜೆ ತಪ್ಪಿದರೆ ಎಲ್ಲ ಕೆಡುತ್ತದೆ. ಅಲ್ಲಿನ ಹುಡುಗರು ಇದನ್ನು ಹೈಸ್ಕೂಲಿನಿಂದ ಉರು ಹೊಡೆದಿರುತ್ತಾರೆ. ಇವರಿಗೆ ಸಿಕ್ಕಿದ್ದು ತಿಂಗಳುಗಳು.

ಒಂದು ಬಾಗಿಲು ಮಾತ್ರ ತೆರೆದಂತೆ ಕಂಡಿತ್ತು. 2024ರಲ್ಲಿ ಎನ್‌ಎಫ್‌ಎಲ್ ಆರಂಭದ ಒದೆತದ ನಿಯಮ ಬದಲಿಸಿತು. ಮೊದಲು ಎರಡೂ ಕಡೆಯವರು ದೂರದಿಂದ ಓಡಿಬಂದು ಡಿಕ್ಕಿ ಹೊಡೆಯುತ್ತಿದ್ದರು, ಗಾಯ ಜಾಸ್ತಿ. ಹೊಸ ನಿಯಮದಲ್ಲಿ ಇಬ್ಬರನ್ನೂ ಹತ್ತಿರ ಹತ್ತಿರ ನಿಲ್ಲಿಸಿದರು, ಚೆಂಡು ಹಿಂದೆ ಬೀಳುವ ತನಕ ಅಲುಗಾಡುವಂತಿಲ್ಲ. ಹಿಂದೆ ನಿಂತವನು ಚೆಂಡು ಹಿಡಿದು ಮುಂದಿನ ಗೋಡೆಯಲ್ಲಿ ಸಂದು ಹುಡುಕಿ ಓಡಬೇಕು. ಇದು ವಿಂಗರ್‌ಗೆ ಹೇಳಿ ಮಾಡಿಸಿದ ಕೆಲಸ. ಆದರೆ ಒದೆಯುವ ತಂಡಗಳು ಮೊದಲ ವರ್ಷ ಜಾಣತನ ಮಾಡಿದವು. ಚೆಂಡನ್ನು ಹಿಂಗೆರೆಯಾಚೆ ಒದ್ದು, ಎದುರಾಳಿಗೆ 30 ಗಜದ ಗೆರೆಯಿಂದ ಆಟ ಶುರುಮಾಡಲು ಬಿಟ್ಟರೂ ಪರವಾಗಿಲ್ಲ, ಓಡಲು ಬಿಡುವುದು ಬೇಡ ಅಂದುಕೊಂಡವು. ಲೀಗ್ ಅದನ್ನು 35 ಗಜಕ್ಕೆ ಬದಲಿಸಿ ಓಟಕ್ಕೆ ಬೆಲೆ ತಂದದ್ದು 2025ರ ಸೀಸನ್‌ಗೆ. ಅಷ್ಟರಲ್ಲಿ ಇವರ ಮೊದಲ ವರ್ಷ ಮುಗಿದಿತ್ತು.

ಇವರೊಬ್ಬರ ಕತೆ ಅಲ್ಲ ಇದು. ಇಂಗ್ಲೆಂಡಿನ ವಿಂಗರ್ ಕ್ರಿಶ್ಚಿಯನ್ ವೇಡ್ 2019ರಲ್ಲಿ ಬಫಲೋ ಬಿಲ್ಸ್ ಪರ ಅಭ್ಯಾಸ ಪಂದ್ಯದಲ್ಲಿ ಮೊದಲ ಸಲ ಚೆಂಡು ಮುಟ್ಟಿದಾಗಲೇ 65 ಗಜ ಓಡಿ ಟಚ್‌ಡೌನ್ ಗಳಿಸಿದ್ದರು. ಆದರೂ ಲೀಗ್ ಪಂದ್ಯ ಒಂದೂ ಸಿಗಲಿಲ್ಲ. ಇದೇ ಯೋಜನೆಯಿಂದ ಬಂದು ಗೆದ್ದವರು ಆಸ್ಟ್ರೇಲಿಯಾದ ಜೋರ್ಡನ್ ಮೈಲಾಟಾ. ಅವರು ರಗ್ಬಿ ಲೀಗ್ ಎಂಬ ರಗ್ಬಿಯ ಇನ್ನೊಂದು ಪ್ರಕಾರದ ಭಾರಿ ಆಳು. ಎನ್‌ಎಫ್‌ಎಲ್ ಅವರಿಂದ ಚೆಂಡು ಹಿಡಿಸಲಿಲ್ಲ, ಅಡ್ಡ ನಿಲ್ಲುವುದನ್ನು ಮೊದಲಿನಿಂದ ಕಲಿಸಿತು. ಹೊಸಬನಿಗೆ ಕಲಿಸಬಹುದಾದ ಕೆಲಸ ಅದು. ಚೆಂಡು ಹಿಡಿದು ಓಡುವ ಕೆಲಸಕ್ಕೆ ಅಮೆರಿಕದಲ್ಲೇ ನೂರಾರು ವೇಗಿಗಳು ಸಾಲಾಗಿ ನಿಂತಿದ್ದಾರೆ.

ಹಾಗಂತ ಇದನ್ನು ಸೋಲು ಎಂದು ಕರೆಯುವುದು ಸರಿಯಲ್ಲ ಅನಿಸುತ್ತದೆ. ಜಗತ್ತಿನ ಒಂದು ಆಟದ ಮೇಲಿನ ಮೆಟ್ಟಿಲಲ್ಲಿದ್ದವರು ಇನ್ನೊಂದರ ಕೆಳಗಿನ ಮೆಟ್ಟಿಲಿಗೆ ಹೋಗಿ ಒಂದೂವರೆ ವರ್ಷ ಕಲಿತರು. ಆ ಧೈರ್ಯ ಸಣ್ಣದಲ್ಲ.

ಮರಳಿದರು, ಆದರೆ ಬ್ರಿಸ್ಟಲ್‌ಗೆ

ಇವರು ಇಲ್ಲದ ಹೊತ್ತಲ್ಲಿ ವೇಲ್ಸ್ ಕುಸಿದಿತ್ತು. 2023ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಿಂದ ಶುರುವಾಗಿ ಸತತ 18 ಟೆಸ್ಟ್ (ದೇಶಗಳ ನಡುವಿನ ಪಂದ್ಯ) ಸೋಲು. 2025ರ ಫೆಬ್ರವರಿಯಲ್ಲಿ ಸಿಕ್ಸ್ ನೇಷನ್ಸ್ ನಡುವೆಯೇ ಗ್ಯಾಟ್‌ಲ್ಯಾಂಡ್ ಹುದ್ದೆ ಬಿಟ್ಟರು. ಮಾರ್ಚ್‌ನಲ್ಲಿ ಕಾರ್ಡಿಫ್‌ಗೆ ಬಂದ ಇಂಗ್ಲೆಂಡ್ 68-14ರಿಂದ ಗೆದ್ದು ಹೋಯಿತು. ಸೋಲಿನ ಸರಣಿ ಮುರಿದದ್ದು ಜುಲೈನಲ್ಲಿ, ಜಪಾನಿನ ಕೋಬೆಯಲ್ಲಿ. ಆಮೇಲೆ ಸ್ಟೀವ್ ಟ್ಯಾಂಡಿ ಕೋಚ್ ಆದರು.

ಅದೇ ಜುಲೈ ಕೊನೆಗೆ ರೀಸ್-ಝಮಿಟ್ ರಗ್ಬಿಗೆ ಮರಳುವ ಸುದ್ದಿ ಬಂತು. ಕೆಲವೇ ದಿನಕ್ಕೆ ಬ್ರಿಸ್ಟಲ್ ಬೇರ್ಸ್ ಹೆಸರು. ತವರಿನ ತಂಡ ಕಾರ್ಡಿಫ್ ಏಕಲ್ಲ ಎಂದು ಅಭಿಮಾನಿಗಳು ಕೇಳಿದರು.

ಆ ಹೊತ್ತಿನ ಕಾರ್ಡಿಫ್ ತಂಡದ ಸ್ಥಿತಿ ನೋಡಿ. ಏಪ್ರಿಲ್‌ನಲ್ಲಿ ಅದು ದಿವಾಳಿ ಅಂಚಿಗೆ ಬಂದು, ದೇಶದ ರಗ್ಬಿ ಆಡಳಿತ ಸಂಸ್ಥೆಯಾದ ವೇಲ್ಸ್ ರಗ್ಬಿ ಯೂನಿಯನ್ ಅದನ್ನು ತನ್ನ ಕೈಗೆ ತೆಗೆದುಕೊಂಡಿತ್ತು. ಇನ್ನುಳಿದ ಮೂರು ತಂಡಗಳಾದ ಡ್ರ್ಯಾಗನ್ಸ್, ಆಸ್ಪ್ರೀಸ್ ಮತ್ತು ಸ್ಕಾರ್ಲೆಟ್ಸ್‌ಗಳ ಭವಿಷ್ಯವೂ ತೂಗುಯ್ಯಾಲೆಯಲ್ಲಿತ್ತು. ಆಗಸ್ಟ್‌ನಲ್ಲಿ ಯೂನಿಯನ್ ನಾಲ್ಕು ತಂಡಗಳನ್ನು ಎರಡಕ್ಕೆ ಇಳಿಸುವ ಯೋಚನೆಯನ್ನೇ ಜನರ ಮುಂದಿಟ್ಟಿತು. ಮುಂದಿನ ವರ್ಷ ಇರುತ್ತದೋ ಇಲ್ಲವೋ ಗೊತ್ತಿಲ್ಲದ ತಂಡಕ್ಕೆ ಯಾರು ಸಹಿ ಹಾಕುತ್ತಾರೆ? ಬ್ರಿಸ್ಟಲ್ ಸೆವೆರ್ನ್ ನದಿಯ ಆಚೆ ದಡದ ಊರು, ಕಾರ್ಡಿಫ್‌ನಿಂದ ಕಾರಿನಲ್ಲಿ ಹೆಚ್ಚೆಂದರೆ ಒಂದು ಗಂಟೆ ದಾರಿ. ಪ್ಯಾಟ್ ಲ್ಯಾಮ್ ತರಬೇತಿಯ ಆ ತಂಡ ಚೆಂಡನ್ನು ಕೈಯಲ್ಲೇ ಇಟ್ಟುಕೊಂಡು ಆಡುವುದಕ್ಕೆ ಹೆಸರಾದದ್ದು. ವಿಂಗರ್‌ಗೆ ಅದಕ್ಕಿಂತ ಬೇರೇನು ಬೇಕು.

ಇನ್ನೊಂದು ನಿಯಮ ಅವರ ಪರ ಇತ್ತು. ವೇಲ್ಸ್ ಹೊರಗೆ ಆಡುವವರನ್ನು ದೇಶದ ತಂಡಕ್ಕೆ ಆರಿಸಬೇಕಾದರೆ ಮೊದಲೇ ಇಂತಿಷ್ಟು ಪಂದ್ಯ ದೇಶಕ್ಕೆ ಆಡಿರಬೇಕು. 2017ರಿಂದ ಆ ಸಂಖ್ಯೆ 60. ಕೆಲವು ವಿನಾಯಿತಿಗಳು ಇದ್ದವು, ಗ್ಲಾಸ್ಟರ್‌ನಲ್ಲಿದ್ದಾಗ ಇವರು ವೇಲ್ಸ್‌ಗೆ ಆಡಿದ್ದು ಹಾಗೆ. 2023ರ ಮುಷ್ಕರದ ಮಾತಿನ ನಂತರ ಅದನ್ನು 25ಕ್ಕೆ ಇಳಿಸಿದರು. ರೀಸ್-ಝಮಿಟ್ ಆಡಿದ್ದು 32. ಹಳೆ ನಿಯಮವೇ ಇದ್ದಿದ್ದರೆ ಬ್ರಿಸ್ಟಲ್ ಅಥವಾ ವೇಲ್ಸ್, ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತಿತ್ತು. ಅವರು ಅಮೆರಿಕಕ್ಕೆ ಹೊರಡುವ ಮೊದಲೇ ಸಹ ಆಟಗಾರರು ಹೋರಾಡಿ ಪಡೆದ ಬದಲಾವಣೆಯೇ ಇವರನ್ನು ಮತ್ತೆ ವೇಲ್ಸ್‌ನ ಕೆಂಪು ಅಂಗಿಗೆ ತಂದಿತು.

ನವೆಂಬರ್ 29ರ ಗುಟ್ಟು

ಈಗ ಮೊದಲ ಪ್ರಶ್ನೆಗೆ ಬರೋಣ. ಆಟಗಾರರಿಗೆ ತಿಂಗಳ ಸಂಬಳ ಕೊಡುವುದು ಕ್ಲಬ್. ದೇಶಕ್ಕೆ ಅವರನ್ನು ಬಿಟ್ಟುಕೊಡಲೇಬೇಕಾದ ದಿನಗಳನ್ನು ವಿಶ್ವ ರಗ್ಬಿ ಸಂಸ್ಥೆ ಮೊದಲೇ ಗೊತ್ತುಮಾಡಿರುತ್ತದೆ. 2025ರ ನವೆಂಬರ್‌ನಲ್ಲಿ ವೇಲ್ಸ್ ಆಡಿದ್ದು ನಾಲ್ಕು ಪಂದ್ಯ. ಅರ್ಜೆಂಟೀನಾ, ಜಪಾನ್, ನ್ಯೂಜಿಲೆಂಡ್ ಪಂದ್ಯಗಳು ಆ ಅವಧಿಯೊಳಗೆ ಬಂದವು. ದಕ್ಷಿಣ ಆಫ್ರಿಕಾ ಪಂದ್ಯ ಹೊರಗೆ ಬಿತ್ತು. ಆ ವಾರ ಕ್ಲಬ್ ಬಿಡದಿದ್ದರೆ ಕೇಳುವಂತಿಲ್ಲ. ಕ್ರಿಕೆಟ್‌ನಲ್ಲಿ ವಿದೇಶಿ ಲೀಗ್‌ಗೆ ಹೋಗಲು ಆಟಗಾರ ತನ್ನ ಮಂಡಳಿಯ ಒಪ್ಪಿಗೆ ಪತ್ರ ಕಾಯುತ್ತಾನಲ್ಲ, ಇಲ್ಲಿ ಅದು ತಿರುಗುಮುರುಗು. ದೇಶವೇ ಕ್ಲಬ್‌ನ ಮುಂದೆ ನಿಲ್ಲಬೇಕು.

ಮೊದಲೇ ಗೊತ್ತಿದ್ದೂ ಆ ಪಂದ್ಯ ಇಟ್ಟದ್ದು ಏಕೆ? ಹಣಕ್ಕೆ. ಸುಮಾರು 74,000 ಜನ ಕೂರುವ ಕ್ರೀಡಾಂಗಣ ಯೂನಿಯನ್‌ನ ದೊಡ್ಡ ಆದಾಯ. ಒಂದು ಹೆಚ್ಚಿನ ಪಂದ್ಯ ಅಂದರೆ ಲಕ್ಷಗಟ್ಟಲೆ ಪೌಂಡ್, ಅದೇ ಹಣ ನಾಲ್ಕು ತಂಡಗಳಿಗೆ ಹೋಗಬೇಕು. ಹೀಗೆ ಒಂದು ಸುಳಿ ಆಗಿದೆ. ತಂಡಗಳಿಗೆ ಹಣ ಕಡಿಮೆ, ಅದಕ್ಕೆ ಒಳ್ಳೆಯವರು ಇಂಗ್ಲೆಂಡಿಗೆ ಹೋಗುತ್ತಾರೆ. ಹಣ ತರಲು ಹೆಚ್ಚಿನ ಪಂದ್ಯ ಇಡುತ್ತಾರೆ. ಇಂಗ್ಲೆಂಡಿಗೆ ಹೋದವರು ಆ ಪಂದ್ಯಕ್ಕೆ ಸಿಗುವುದಿಲ್ಲ. ತಂಡ 0-73ರಿಂದ ಸೋಲುತ್ತದೆ. ಮುಂದಿನ ಸಲ ಟಿಕೆಟ್ ಕೊಳ್ಳಲು ಜನ ಹಿಂದೆಮುಂದೆ ನೋಡುತ್ತಾರೆ.

ಯಾರ ಮಾತಲ್ಲಿ ಎಷ್ಟು ಹುರುಳು

25 ಪಂದ್ಯದ ನಿಯಮವನ್ನೂ ತೆಗೆಯಿರಿ, ಎಲ್ಲಿ ಆಡಿದರೂ ಆರಿಸಿ ಎನ್ನುವವರಿದ್ದಾರೆ. ಅವರ ಕೈಯಲ್ಲಿ ಗಟ್ಟಿ ಉದಾಹರಣೆ ಇದೆ. ನವೆಂಬರ್ 15ರಂದು ಜಪಾನ್ ವಿರುದ್ಧ ವೇಲ್ಸ್ 24-23ರಿಂದ ಗೆದ್ದಿತು. ಒಂದು ಟ್ರೈ ರೀಸ್-ಝಮಿಟ್ ಅವರದು. ಕೊನೆ ಗಳಿಗೆಯಲ್ಲಿ ಪೆನಾಲ್ಟಿ ಒದ್ದು ಗೆಲ್ಲಿಸಿದ ಜ್ಯಾರಡ್ ಎವನ್ಸ್ ಲಂಡನ್ನಿನ ಹಾರ್ಲಿಕ್ವಿನ್ಸ್ ಆಟಗಾರ. ಸೋತಿದ್ದರೆ ವೇಲ್ಸ್ 2027ರ ವಿಶ್ವಕಪ್ ಡ್ರಾದಲ್ಲಿ ಕೆಳಗಿನ ಗುಂಪಿಗೆ ಜಾರುತ್ತಿತ್ತು. ಅಂದರೆ ದೇಶದ ಮಾನ ಉಳಿಸಿದವರು ಗಡಿಯಾಚೆಯವರು.

ಯೂನಿಯನ್ ಕಡೆಯ ಮಾತೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ವೇಲ್ಸ್‌ನ ಜನಸಂಖ್ಯೆ 31 ಲಕ್ಷ, ನಮ್ಮ ಮೈಸೂರು ಜಿಲ್ಲೆಯಷ್ಟು. ಬೇಲಿ ಪೂರ್ತಿ ತೆಗೆದರೆ 19-20ರ ಹುಡುಗರೇ ಇಂಗ್ಲೆಂಡಿಗೆ ಹೊರಟುಬಿಡುತ್ತಾರೆ. ಸ್ವಾನ್ಸಿಯಲ್ಲೋ ಲನೆತ್ಲಿಯಲ್ಲೋ ಶನಿವಾರ ಮೈದಾನಕ್ಕೆ ಬರುವವರಿಗೆ ನೋಡಲು ಯಾರಿರುತ್ತಾರೆ? ಮುಂದಿನ ತಲೆಮಾರು ಯಾರನ್ನು ನೋಡಿ ಕಲಿಯುತ್ತದೆ? ಇಂಗ್ಲಿಷ್ ಕ್ಲಬ್‌ಗಳದ್ದು ನೇರ ಮಾತು: ವರ್ಷವಿಡೀ ಸಂಬಳ ನಮ್ಮದು, ಗಾಯವಾದರೆ ನಷ್ಟ ನಮ್ಮದು, ನಿಯಮದಲ್ಲಿ ಇಲ್ಲದ ದಿನಕ್ಕೆ ಏಕೆ ಬಿಡಬೇಕು?

ಮೂರರಲ್ಲಿ ಯಾವುದೂ ಸುಳ್ಳಲ್ಲ. ಆದರೆ ತೂಕ ಹಾಕಿದರೆ ಆಟಗಾರನ ಕಡೆಯೇ ಹೆಚ್ಚು ನ್ಯಾಯ ಕಾಣುತ್ತದೆ. ಅವನಿಗೆ ಇರುವುದು ಹತ್ತು ವರ್ಷದ ದುಡಿಮೆ. ತಂಡಗಳನ್ನು ಉಳಿಸಲಾಗದ ಆಡಳಿತದ ಹೊರೆಯನ್ನು ನಿಯಮದ ಹೆಸರಲ್ಲಿ ಅವನ ಹೆಗಲಿಗೆ ಹಾಕುವುದು ಸರಿಯಲ್ಲ. ರೀಸ್-ಝಮಿಟ್ ಊರು ಬಿಟ್ಟರು ಅಂತ ಬೈಯುವವರು ಊರಲ್ಲಿ ಅವರಿಗೆ ಏನಿತ್ತು ಎಂಬುದನ್ನೂ ಹೇಳಬೇಕು.

ಮುಂದೆ ಏನಾಗಬಹುದು

2025ರ ಅಕ್ಟೋಬರ್‌ನಲ್ಲಿ ಯೂನಿಯನ್ ಎರಡರ ಬದಲು ಮೂರು ತಂಡ ಎಂದು ತೀರ್ಮಾನಿಸಿತು. ಕಾರ್ಡಿಫ್‌ನಲ್ಲಿ ಒಂದು, ಪೂರ್ವಕ್ಕೆ ಒಂದು, ಪಶ್ಚಿಮಕ್ಕೆ ಒಂದು. ಪಶ್ಚಿಮದಲ್ಲಿ ಆಸ್ಪ್ರೀಸ್ ಮತ್ತು ಸ್ಕಾರ್ಲೆಟ್ಸ್ ಎರಡಿವೆ, ಉಳಿಯುವುದು ಒಂದೇ. ಉದ್ದೇಶ, ಇರುವ ಹಣವನ್ನು ಕಡಿಮೆ ತಂಡಗಳಿಗೆ ಹಂಚಿ ಸಂಬಳ ಹೆಚ್ಚಿಸುವುದು. ಆದರೆ ಒಂದು ತಂಡ ಮುಚ್ಚಿದರೆ ಮೂವತ್ತು ನಲವತ್ತು ಆಟಗಾರರಿಗೆ ಕೆಲಸ ಹೋಗುತ್ತದೆ. ಅವರೆಲ್ಲ ಉಳಿದ ಮೂರರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಮೊದಲ ಎರಡು ಮೂರು ವರ್ಷ ಗಡಿ ದಾಟುವವರ ಸಂಖ್ಯೆ ಇಳಿಯುವ ಬದಲು ಏರಬಹುದು. ಆಗ 25ರ ನಿಯಮದ ಮೇಲೆ ಮತ್ತೆ ಒತ್ತಡ ಬೀಳುತ್ತದೆ.

ಹೆಚ್ಚಿನ ಪಂದ್ಯದ ಗೊಂದಲ ಮಾತ್ರ ತಾನಾಗಿಯೇ ಕಡಿಮೆಯಾಗುವ ಲಕ್ಷಣ ಇದೆ. 2026ರಿಂದ ಎರಡು ವರ್ಷಕ್ಕೊಮ್ಮೆ ಜುಲೈ ಮತ್ತು ನವೆಂಬರ್ ಪಂದ್ಯಗಳು ನೇಷನ್ಸ್ ಚಾಂಪಿಯನ್‌ಶಿಪ್ ಎಂಬ ಹೊಸ ಟೂರ್ನಿಯೊಳಗೆ ಬರುತ್ತವೆ. ನವೆಂಬರ್ ಕೊನೆಯ ವಾರ ಲಂಡನ್ನಿನಲ್ಲಿ ಫೈನಲ್‌ಗಳು. ಕಾರ್ಡಿಫ್‌ನಲ್ಲಿ ಆ ಶನಿವಾರಕ್ಕೆ ಬೇರೆ ಪಂದ್ಯ ಕೂರಿಸಲು ಜಾಗವೇ ಉಳಿಯುವುದಿಲ್ಲ. ಆ ಪಂದ್ಯದ ಆದಾಯವನ್ನು ಯೂನಿಯನ್ ಎಲ್ಲಿಂದ ತುಂಬಿಕೊಳ್ಳಬೇಕು ಎಂಬುದು ಬೇರೆ ಪ್ರಶ್ನೆ.

2025ರ ಡಿಸೆಂಬರ್ 3ರಂದು ನಡೆದ 2027ರ ವಿಶ್ವಕಪ್ ಡ್ರಾದಲ್ಲಿ ವೇಲ್ಸ್‌ಗೆ ಇಂಗ್ಲೆಂಡ್ ಜೊತೆಯ ಗುಂಪೇ ಸಿಕ್ಕಿದೆ. ಆಸ್ಟ್ರೇಲಿಯಾದಲ್ಲಿ ಆ ಪಂದ್ಯ ನಡೆಯುವಾಗ ರೀಸ್-ಝಮಿಟ್ ಅವರಿಗೆ 26. ಅದಕ್ಕೂ ಮೊದಲು ಇದೇ ಎದುರಾಳಿಯ ಜೊತೆಗಿನ ಪಂದ್ಯ ಲಂಡನ್ನಿನ ಟ್ವಿಕನಮ್‌ನಲ್ಲಿ, 2026ರ ಫೆಬ್ರವರಿ 7ರ ಶನಿವಾರಕ್ಕೆ ನಿಗದಿಯಾಗಿತ್ತು. ಅದು ಸಿಕ್ಸ್ ನೇಷನ್ಸ್ ಪಂದ್ಯ, ಗೊತ್ತುಮಾಡಿದ ಅವಧಿಯೊಳಗಿನದು. ಅಂಥ ದಿನ ಕರೆ ಬಂದರೆ ಕ್ಲಬ್ ಆಟಗಾರನನ್ನು ಬಿಡಲೇಬೇಕು.